ಪದ ಪರಿಚಯ: ಕಾಯಕ

"ಭಾನುವಾರ ಎಲ್ಲರೂ ಒಂಬತ್ತಕ್ಕೆ ಬನ್ನಿ. ಕಾಯಕವೇ ಕೈಲಾಸ."

ಮೈಸೂರಿನ ಒಂದು ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಶನಿವಾರ ರಾತ್ರಿ ಬಂದ ಸಂದೇಶ ಇದು. ನನಗೆ ತೋರಿಸಿದ ಹುಡುಗಿಗೆ ಜ್ವರ ಇನ್ನೂ ಬಿಟ್ಟಿರಲಿಲ್ಲ. ಬರಲ್ಲ ಎನ್ನಲು ಅವಳಿಗೆ ಭಯಕ್ಕಿಂತ ನಾಚಿಕೆಯೇ ಜಾಸ್ತಿ ಇತ್ತು. ಈ ಮಾತನ್ನು ಹೀಗೆ ಬಳಸುವುದನ್ನು ಬಹಳ ಕಾಲದಿಂದ ನೋಡುತ್ತಿದ್ದೇನೆ. ಕಾರ್ಖಾನೆಯ ಗೋಡೆ, ಬಸವ ಜಯಂತಿಯ ಭಾಷಣ, ಅಪ್ರೈಸಲ್ ಮೀಟಿಂಗ್, ಎಲ್ಲ ಕಡೆಯೂ ಇದೇ. ಕನ್ನಡದ ಒಂದು ದೊಡ್ಡ ಪದವನ್ನು ಜನರ ಮೈ ಹಿಂಡಲು ಬಳಸುವುದು ಸಾಕು.

ಕಾಯ ಅಂದರೆ ಮೈ. ಅದರಿಂದ ಬಂದದ್ದು ಕಾಯಕ, ಮೈಯಿಂದ ಮಾಡುವ ದುಡಿಮೆ. ಪದದ ಬೇರಲ್ಲೇ ಮೈ ಇದೆ. 12ನೇ ಶತಮಾನದ ಶರಣರು ಎಲ್ಲ ಕೆಲಸವನ್ನೂ ಕಾಯಕ ಎನ್ನಲಿಲ್ಲ. ಮಡಿವಾಳ ಮಾಚಯ್ಯ ಬಟ್ಟೆ ಒಗೆದ, ಅಂಬಿಗರ ಚೌಡಯ್ಯ ದೋಣಿ ನಡೆಸಿದ, ಸತ್ಯಕ್ಕ ಅಂಗಳ ಗುಡಿಸಿದಳು. ತಾನೇ ಮೈ ಬಗ್ಗಿಸಬೇಕು, ಅದರಲ್ಲಿ ಸುಳ್ಳು ಇರಬಾರದು, ತನಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದು ದಾಸೋಹಕ್ಕೆ ಹೋಗಬೇಕು. ಈಗಿನವರು ದಾಸೋಹವನ್ನು ಬಿಟ್ಟು ಕಾಯಕವನ್ನು ಮಾತ್ರ ಎತ್ತಿಕೊಂಡಿದ್ದಾರೆ. ಪದ ಅಲ್ಲೇ ಅರ್ಧ ಕೆಟ್ಟಿತು.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಕ್ಯಾಲೆಂಡರು, ಬ್ಯಾನರು, ಆಟೋ ಹಿಂಬದಿ, ಎಲ್ಲಿ ನೋಡಿದರೂ "ಕಾಯಕವೇ ಕೈಲಾಸ" ಎಂಬುದು ಬಸವಣ್ಣನ ಚಿತ್ರದ ಕೆಳಗೆ ಇರುತ್ತದೆ. ಅದು ಬಸವಣ್ಣನ ವಚನದ ಮಾತಲ್ಲ. ಅದೇ ಕಾಲದ ಇನ್ನೊಬ್ಬ ಶರಣ ಆಯ್ದಕ್ಕಿ ಮಾರಯ್ಯನದು. ವಚನದ ಕೊನೆಗೆ ಬರುವ ಅಮರೇಶ್ವರಲಿಂಗ ಅವನ ಅಂಕಿತ. ಯಾರ ಹೆಸರಿದ್ದರೇನು, ಮಾತು ಮುಖ್ಯ ಅಲ್ವಾ ಎನ್ನಬಹುದು. ಇಲ್ಲಿ ಹಾಗೆ ಬಿಡಲು ಆಗುವುದಿಲ್ಲ. ಹೇಳಿದವನು ಮಾರಯ್ಯ ಎಂದು ಗೊತ್ತಾದರೆ ಅವನ ಕತೆ ನೆನಪಾಗುತ್ತದೆ. ಕತೆ ನೆನಪಾದರೆ ಆ ಭಾನುವಾರದ ಸಂದೇಶ ಕಳಿಸಲು ಕೈ ಬರುವುದಿಲ್ಲ.

ಮೊದಲು ವಚನವನ್ನೇ ನೋಡಿ. ಕಾಯಕದಲ್ಲಿ ಮುಳುಗಿರುವಾಗ ಗುರುದರ್ಶನವಾದರೂ ಮರೆಯಬೇಕು, ಲಿಂಗಪೂಜೆಯಾದರೂ ಮರೆಯಬೇಕು, ಜಂಗಮ ಎದುರಿಗೆ ನಿಂತರೂ "ಹಂಗ ಹರಿಯಬೇಕು", ಯಾಕೆಂದರೆ ಕಾಯಕವೇ ಕೈಲಾಸ. ಹಂಗು ಅಂದರೆ ಏನೆಂದು ಮೈಸೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ನಿನ್ನ ಹಂಗಲ್ಲಿ ನಾನಿಲ್ಲ" ಎಂದು ಇವತ್ತೂ ಜಗಳದಲ್ಲಿ ಹೇಳುತ್ತೇವೆ. ಮಾರಯ್ಯ ಹೇಳುತ್ತಿರುವುದು ಅದನ್ನೇ. ದುಡಿಯುವವನ ಮುಂದೆ ಎಷ್ಟೇ ದೊಡ್ಡವರು ಬಂದು ನಿಂತರೂ ಅವನು ಅವರ ಹಂಗಿನಲ್ಲಿಲ್ಲ. ಹಂಗು ಹರಿಯಲು ಆಡಿದ ಮಾತನ್ನು ಮ್ಯಾನೇಜರ್ ಹಂಗು ಹೇರಲು ಬಳಸಿದರೆ ಅರ್ಥ ಪೂರಾ ತಲೆಕೆಳಗಾಯಿತು.

ಈಗ ಕತೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಯಾವ ಬಾಸ್ ಆದರೂ ಬೆನ್ನು ತಟ್ಟುತ್ತಿದ್ದ. ಹೆಂಡತಿ ಲಕ್ಕಮ್ಮ ತಟ್ಟಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದಳು. ಇಷ್ಟೊಂದು ಅಕ್ಕಿಯ ಆಸೆ ನಿಮಗ್ಯಾಕೆ, ದೇವರು ಒಪ್ಪುವುದಿಲ್ಲ ಎಂದು. ಅಷ್ಟಕ್ಕೇ ಬಿಡದೆ, ಜಾಸ್ತಿ ತಂದದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದಳು. "ಕಾಯಕವೇ ಕೈಲಾಸ" ಎಂದವನ ಮನೆಯ ಬಾಗಿಲಲ್ಲಿ ನಡೆದದ್ದು ಇದು. ಅಳತೆ ಮೀರಿದ ದುಡಿಮೆಯ ಫಲ ಆ ಮನೆಯ ಒಳಗೇ ಬರಲಿಲ್ಲ.

ಇದೇ ಲಕ್ಕಮ್ಮ ಇನ್ನೊಂದು ವಚನದಲ್ಲಿ "ಕಾಯಕ ನಿಂದಿತ್ತು ಹೋಗಯ್ಯಾ" ಎಂದು ಗಂಡನನ್ನು ಕೆಲಸಕ್ಕೆ ಎಬ್ಬಿಸುತ್ತಾಳೆ. ಅದನ್ನೂ ಹೇಳಬೇಕು. ಮೈಗಳ್ಳತನಕ್ಕೆ ಅವಳಲ್ಲಿ ಜಾಗವಿಲ್ಲ. ಕಡಿಮೆಯಾದರೆ ಹೋಗು ಎಂದಳು, ಜಾಸ್ತಿಯಾದರೆ ಸುರಿದು ಬಾ ಎಂದಳು. ಅಳತೆ ತಿಳಿದವಳು ಅವಳು.

ಮಂಡ್ಯದ ಒಕ್ಕಲು ಮನೆಗಳಿಗೆ ಈ ಅಳತೆ ಹೊಸದಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬುದು ಹಳೆಯ ಕಟ್ಟು. ಮಳೆ ಬಿದ್ದು ಹದ ಬಂದಿದ್ದರೂ ಅವತ್ತು ನೇಗಿಲು ಕಟ್ಟುವುದಿಲ್ಲ. ಹೆಗಲು ಬಾತರೆ ಇಳಿಯುವವರೆಗೂ ಹೂಡುವುದಿಲ್ಲ. ಸಂಕ್ರಾಂತಿಗೆ ನಾಲೆಗೆ ಇಳಿಸಿ, ಮೈ ಉಜ್ಜಿ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಇದಕ್ಕೆ ಆರೈಕೆ ಎನ್ನುತ್ತಾರೆ. ಆದರೆ ಅದೇ ಮನೆಯ ಹೆಂಗಸು ಕೊಟ್ಟಿಗೆ ಬಳಿದು, ಹಾಲು ಹಾಕಿ ಬಂದು, ಮುದ್ದೆ ತಿರುವಿ, ಮಧ್ಯಾಹ್ನ ಒಂದು ಗಳಿಗೆ ಒರಗಿದರೆ "ಇಷ್ಟೊತ್ನಲ್ಲಿ ಮಲಗ್ತಾರೇನವ್ವ?" ಎಂಬ ಮಾತು ಬರುತ್ತದೆ. ಅವಳಿಗೆ ಆರೈಕೆ ಸಿಕ್ಕುವುದು ಬಾಣಂತನದಲ್ಲಿ ಮಾತ್ರ. ಈಗ ಎಲ್ಲರ ಬಾಯಲ್ಲಿರುವ ಸೆಲ್ಫ್ ಕೇರ್ ಎಂಬುದನ್ನು ಸ್ಪಾ, ಫೇಸ್‌ಪ್ಯಾಕು ಎಂದು ಮಾರುತ್ತಾರೆ. ಅದೇನೂ ಬೇಡ. ಆ ಒಂದು ಗಳಿಗೆಯನ್ನು ಯಾರೂ ಕೇಳದ ಹಾಗೆ ಅವಳಿಗೆ ಬಿಟ್ಟರೆ ಸಾಕು.

2023ರಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅವರು ಎಂಜಿನಿಯರಿಂಗ್ ಓದಿದ್ದು ಮೈಸೂರಿನಲ್ಲೇ, ಹಾಗಾಗಿ ಇಲ್ಲಿ ಆ ಮಾತಿಗೆ ಬೆಲೆ ಜಾಸ್ತಿ. ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಹೊರತಂದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ ಸುಮಾರು ಶೇ 35ರಷ್ಟು ಹೆಚ್ಚು ಎಂದಿತು ಅದು. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮಂಡ್ಯಕ್ಕೆ ಮರಳುವವರ ರೈಲಿನ ಹೊತ್ತನ್ನು ಯಾವ ಕಚೇರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೈ ಮಾತ್ರ ಹಿಡಿಯುತ್ತದೆ.

ಹಾಗಾದರೆ ಸಂಬಳವಿಲ್ಲದ ಭಾನುವಾರಕ್ಕೆ, ರಾತ್ರಿ ಹನ್ನೊಂದರ ಕಾಲ್‌ಗೆ ಏನೆನ್ನಬೇಕು? ಕನ್ನಡದಲ್ಲಿ ಸರಿಯಾದ ಪದ ಇದೆ: ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಕೂಲಿ ಕೊಡದೆ, ಬೇಡ ಎನ್ನಲು ಬಿಡದೆ ಮಾಡಿಸಿಕೊಳ್ಳುವ ದುಡಿಮೆ. ಹಿಂದೆ ಊರ ಗೌಡ ಕರೆದರೆ ಬಿಟ್ಟಿ ಚಾಕರಿಗೆ ಹೋಗಬೇಕಿತ್ತು. ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸಿತು. ಅದಕ್ಕೂ ಮೊದಲೇ, 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಗೆರೆ ಎಳೆದು, ಅದರಾಚೆ ಮಾಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕು ಎಂದಿತ್ತು. ಓಟಿ ಕೊಟ್ಟು, ಒಪ್ಪಿದವರನ್ನು ಕರೆದರೆ ಅದನ್ನು ಕೆಲಸ ಎನ್ನಿ, ತಕರಾರಿಲ್ಲ. ಓಟಿಯೂ ಇಲ್ಲದೆ, ಒಪ್ಪಿಗೆಯೂ ಇಲ್ಲದೆ ಕರೆಯುವುದಾದರೆ ಸಂದೇಶದಲ್ಲಿ ಬಿಟ್ಟಿ ಎಂದೇ ಬರೆಯಿರಿ. ಮಾರಯ್ಯನ ಮಾತನ್ನು ಅದಕ್ಕೆ ಅಂಟಿಸಬೇಡಿ.