ಭಟ್ಟಿಗೆ ಬೆಂಕಿ ಹಚ್ಚಿದರೂ ಕಟ್ಟಿಗೆ ಬೂದಿ ಆಗೋದಿಲ್ಲ ಯಾಕೆ?

ಪ್ರಶ್ನೆ: ನಮ್ಮದು ಶಹಾಪುರ ಕಡೆ ಹಳ್ಳಿ. ಊರ ಹೊರಗ ಜಾಲಿ ಕಟ್ಟಿಗಿ ಕಡಿದು ಇದ್ದಿಲು ಸುಡತಾರ. ನಾಕೈದು ದಿನ ಹೊಗಿ ಬರತದ. ತೆಗೆದು ನೋಡಿದ್ರ ಬೂದಿ ಇರಂಗಿಲ್ಲ, ಕಟ್ಟಿಗಿ ಇದ್ದ ಆಕಾರದಾಗೇ ಕರ‍್ರಗ ಕುಂತಿರತದ. ಇದು ಹೆಂಗ್ರಿ?

ಉತ್ತರ: ‘ಸುಡತಾರ’ ಅನ್ನೋ ಮಾತೇ ದಾರಿ ತಪ್ಪಿಸುತ್ತದೆ ನೋಡ್ರಿ. ಇದ್ದಿಲು ಅಂದರೆ ಗಾಳಿ ಸಿಗದೆ ಬೆಂದ ಕಟ್ಟಿಗೆ.

ಒಲೆಯಲ್ಲಿ ಕಾಣುವ ಉರಿ, ಕಾದ ಕಟ್ಟಿಗೆ ಬಿಡುವ ಅನಿಲದ್ದು. ಅದು ತೀರಿದ ಮೇಲೆ ಕೆಂಡ ಉಳಿಯುತ್ತದೆ, ಕೆಂಡಕ್ಕೆ ಗಾಳಿ ತಗುಲಿ ಬೂದಿಯಾಗುತ್ತದೆ. ಭಟ್ಟಿಯವರು ಈ ಕೊನೆಯ ಹಂತಕ್ಕೆ ಬಿಡುವುದೇ ಇಲ್ಲ. ಕಟ್ಟಿಗೆ ಒಟ್ಟಿ, ಹಸಿ ಸೊಪ್ಪು ಹುಲ್ಲು ಹೊದಿಸಿ, ಮೇಲೆ ಮಣ್ಣು ಮೆತ್ತುತ್ತಾರೆ. ಬುಡದಲ್ಲಿ ನಾಲ್ಕಾರು ಸಣ್ಣ ಕಿಂಡಿ ಅಷ್ಟೇ. ಒಳಗೆ ಸ್ವಲ್ಪ ಕಟ್ಟಿಗೆ ಉರಿದು, ಉಳಿದದ್ದನ್ನು ಬೇಯಿಸುತ್ತದೆ.

ಕೆಲಸ ಎಲ್ಲಿಗೆ ಬಂತೆಂದು ಹೊಗೆಯೇ ಹೇಳುತ್ತದೆ. ಮೊದಲು ದಟ್ಟ ಬಿಳಿ ಹೊಗೆ, ಅಂದರೆ ಕಟ್ಟಿಗೆಯ ನೀರು ಹೋಗುತ್ತಿದೆ. ಒಳಗಿನ ಕಾವು ಸುಮಾರು 280 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಟ್ಟಿಗೆಯೊಳಗಿನ ಪದಾರ್ಥ ತಾನೇ ವಿಘಟನೆಯಾಗುತ್ತಾ ಕಾವು ಬಿಡುತ್ತದೆ. ಆಗ ಟಾರು, ಕಣ್ಣುರಿಸುವ ಹುಳಿ ವಾಸನೆ ಎಲ್ಲ ಹೊರಬೀಳುತ್ತವೆ. ಹೊಗೆ ತೆಳ್ಳಗಾಗಿ ನೀಲಿಗೆ ತಿರುಗಿತೋ, ಕಿಂಡಿಗಳನ್ನು ಮುಚ್ಚಿಬಿಡಬೇಕು. ತಡವಾದರೆ ಇದ್ದಿಲೇ ಉರಿಯಲು ಶುರು. ಪೂರ್ತಿ ಆರುವ ಮೊದಲು ಮಣ್ಣು ಸರಿಸಿದರೂ ಅದೇ ಗತಿ: ನಾಲ್ಕು ದಿನದ ದುಡಿಮೆ ಕಣ್ಣೆದುರೇ ಧಗ್ಗನೆ ಹತ್ತಿಕೊಳ್ಳುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು, ಎರೆಮಣ್ಣು. ತೊಗರಿಗೆ ಬಂಗಾರದಂಥ ಮಣ್ಣು, ಭಟ್ಟಿಗೆ ಮಾತ್ರ ಬೇಡ. ಕಾವಿಗೆ ಒಣಗಿ ಬಿರಿಯುತ್ತದೆ, ಬಿರುಕಿನಿಂದ ಗಾಳಿ ನುಗ್ಗುತ್ತದೆ. ಉಸುಕು ಬೆರೆತ ಮಸಾರಿ ಮಣ್ಣಾದರೆ ಅಷ್ಟು ಬಿರಿಯುವುದಿಲ್ಲ. ಏನೇ ಆದರೂ ಹಗಲೂ ರಾತ್ರಿ ಒಬ್ಬರು ಕಾವಲಿದ್ದು ಬಿರುಕು ಮುಚ್ಚುತ್ತಿರಬೇಕು.

ಇದ್ದಿಲ ಕೆಂಡದ ಮೇಲೆ ಕಬಾಬ್ ಸುಡಲು ಗಟ್ಟಿ ಕಟ್ಟಿಗೆಯ ಇದ್ದಿಲೇ ಏಕೆ ಅಂತೀರಾ? ಬಳ್ಳಾರಿ ಜಾಲಿಯಂಥ ತೂಕದ ಕಟ್ಟಿಗೆಯ ಇದ್ದಿಲು ನಿಧಾನ ಉರಿದು ಬಹಳ ಹೊತ್ತು ಕೆಂಡ ಹಿಡಿಯುತ್ತದೆ. ತೊಗರಿ ಕಟ್ಟಿಗೆಯದು ಹಗುರ, ಥಟ್ಟನೆ ಹೊತ್ತಿ ತೀರುತ್ತದೆ. ಹಾಗೆ ಥಟ್ಟನೆ ಹೊತ್ತುತ್ತದೆಂದೇ ಹಿಂದೆ ಕೋವಿಮದ್ದಿಗೆ ತೊಗರಿ ಇದ್ದಿಲು ಬಳಸುತ್ತಿದ್ದರು! ಸೀಖ್ ಕಬಾಬಿಗೆ ಆ ಅವಸರ ಬೇಕಿಲ್ಲ.

ಅಂದಹಾಗೆ, 100 ಕಿಲೋ ಒಣ ಕಟ್ಟಿಗೆ ಹಾಕಿದರೆ ಪಳಗಿದ ಕೈಗೂ 20–25 ಕಿಲೋ ಇದ್ದಿಲು ಸಿಕ್ಕರೆ ಹೆಚ್ಚು. ಹಸಿ ಕಟ್ಟಿಗೆ ಹಾಕಿದರೆ ಇನ್ನೂ ಕಡಿಮೆ. ನೀರು ಒಣಗಿಸಲಿಕ್ಕೇ ಒಂದಿಷ್ಟು ಕಟ್ಟಿಗೆ ಉರಿದುಹೋಗುತ್ತದೆ. ಚೀಲ ಕೊಳ್ಳುವಾಗ ಎರಡು ತುಂಡು ತಾಕಿಸಿ ನೋಡಿ. ಚೆನ್ನಾಗಿ ಬೆಂದದ್ದು ಟಣ್ ಅನ್ನುತ್ತದೆ, ಮುರಿದರೆ ಒಳಗೆ ಹೊಳೆಯುವ ಕಪ್ಪು. ನಡುವೆ ಕಂದು ಬಣ್ಣ ಕಂಡರೆ ಅದು ಅರೆಬೆಂದದ್ದು, ಸಿಗಡಿ ಒಲೆಗೆ ಹಾಕಿದೊಡನೆ ಹೊಗೆಯೇಳುತ್ತದೆ.