ಬಾಣಂತಿಗೆ ತಲೆನೋವು ಅಂದ್ರೆ ನರ್ಸ್ ತಲೇಲಿ ಏನೇನು ಓಡ್ಬೇಕು

ಸಿಸೇರಿಯನ್ ಆಗಿ ನಾಲ್ಕನೇ ದಿನ, ಮಂಡ್ಯ ಕಡೆ ಒಂದು ತಾಲ್ಲೂಕು ಆಸ್ಪತ್ರೆ, ಬಾಣಂತಿಯರ ವಾರ್ಡು. ಇಪ್ಪತ್ಮೂರು ವರ್ಷದ ಹುಡುಗಿ, ತಲೆಗೆ ಬಿಗಿಯಾಗಿ ಸ್ಕಾರ್ಫು, ಕಿವೀಲಿ ಹತ್ತಿ, ಮೈತುಂಬ ಶಾಲು, ಮೇಲೆ ಫ್ಯಾನ್ ಆಫ್. (ಇದು ಯಾರೋ ಒಬ್ಬರ ಕಥೆ ಅಲ್ಲ, ಇಂಥ ವಾರ್ಡಲ್ಲಿ ಕೆಲಸ ಮಾಡಿದ ಯಾರಿಗಾದ್ರೂ ಗೊತ್ತಿರೋ ಬೆಡ್ಡುಗಳನ್ನೆಲ್ಲ ಸೇರಿಸಿ ಮಾಡಿದ ಒಂದು ಕೇಸು.) "ಹೇಗಿದೀಯಮ್ಮ" ಅಂತ ಸಿಸ್ಟರ್ ಕೇಳಿದ್ರೆ ಉತ್ತರ ಬರೋದು ಪಕ್ಕದಲ್ಲಿ ಕೂತಿರೋ ಅತ್ತೆ ಬಾಯಿಂದ. "ಚೆನ್ನಾಗವ್ಳೆ ಕಣ್ ಸಿಸ್ಟ್ರೇ, ಒಸಿ ತಲೆನೋವು ಅಂತಾವ್ಳೆ, ಶೀತಗಾಳಿ ಬಡ್ದಿರ್ಬೇಕು, ಬಿಗಿಯಾಗಿ ಕಟ್ಟಿವ್ನಿ ಬುಡಿ."

ಇಲ್ಲಿ ಎರಡು ಸುಲಭದ ದಾರಿ ಇದೆ, ಎರಡನ್ನೂ ದಿನಾ ನೋಡ್ತೀವಿ. ಒಂದು, ಪ್ಯಾರಾಸಿಟಮಾಲ್ ಕೊಟ್ಟು ಮುಂದಿನ ಬೆಡ್ಡಿಗೆ ಹೋಗೋದು. ಇನ್ನೊಂದು, "ಬಿಚ್ರೀ ಅದನ್ನ, ಈ ಕಾಲದಲ್ಲೂ ಏನಿದು" ಅಂತ ಬೈಯೋದು. ಮೊದಲನೇದ್ರಲ್ಲಿ ತಲೆನೋವು ಯಾಕೆ ಅಂತ ಯಾರೂ ಯೋಚನೆ ಮಾಡ್ಲಿಲ್ಲ, ಎರಡನೇದ್ರಲ್ಲಿ ಅತ್ತೆ ಬಾಯಿ ಮುಚ್ಚಿಕೊಂಡ್ರು, ಇನ್ಮೇಲೆ ಏನೇ ಆದ್ರೂ ಅವರು ಹೇಳಲ್ಲ. ನನ್ನ ಪ್ರಕಾರ ಎರಡೂ ಒಂದೇ ಥರದ ತಪ್ಪು, ಯಾಕಂದ್ರೆ ಆ ಸ್ಕಾರ್ಫು, ಮಂಚದ ಪಕ್ಕದ ಸ್ಟೀಲ್ ಚೊಂಬು, ಸೊಸೆ ಪರವಾಗಿ ಮಾತಾಡೋ ಅತ್ತೆ, ಇವೆಲ್ಲ ಬಿಪಿ ರೀಡಿಂಗ್ ಇದ್ದಂಗೆ ಮಾಹಿತೀನೇ, ಕೇಸ್‌ಶೀಟಲ್ಲಿ ಕಾಲಂ ಇಲ್ಲ ಅಷ್ಟೆ.

ಬಾಣಂತಿ ತಲೆನೋವು ಅಂದ ತಕ್ಷಣ ಒಳ್ಳೆ ನರ್ಸ್ ಒಬ್ಬರ ತಲೇಲಿ ಮೂರು ನಾಲ್ಕು ದಾರಿ ಒಟ್ಟಿಗೆ ತೆರ್ಕೋಬೇಕು. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿರ್ತಾರಲ್ಲ, ಆ ಸೂಜಿ ಹೋದ ಜಾಗದಿಂದ ಬೆನ್ನುಹುರಿ ಸುತ್ತ ಇರೋ ದ್ರವ ಸ್ವಲ್ಪ ಸ್ವಲ್ಪ ಸೋರಿದ್ರೆ ಎದ್ದು ಕೂತ್ರೆ ತಲೆ ಸಿಡಿಯುತ್ತೆ, ಮಲಗಿದ್ರೆ ಇಳಿಯುತ್ತೆ. ಹಾಗಾಗಿ ಮೊದಲ ಕೆಲಸ ಮಲಗಿಸಿ ಕೇಳೋದು, ಕೂರಿಸಿ ಕೇಳೋದು, ಇದಕ್ಕೆ ಯಾವ ಮೆಷಿನ್ನೂ ಬೇಡ. ಎರಡನೇದು ಬಿಪಿ. ಹೆರಿಗೆ ಆದ್ಮೇಲೆ ಬಿಪಿ ಕಥೆ ಮುಗೀತು ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ ಹೆರಿಗೆ ಆದ ಕೂಡ್ಲೇ ಸ್ವಲ್ಪ ಇಳಿದು ಆಮೇಲೆ ಮೂರರಿಂದ ಆರನೇ ದಿನದ ಮಧ್ಯೆ ಮತ್ತೆ ಏರೋದೇ ಅದರ ಸ್ವಭಾವ, ಗರ್ಭಿಣಿಯಾಗಿದ್ದಾಗ ಬಿಪಿ ನಾರ್ಮಲ್ ಇದ್ದವರಿಗೂ ಈಗ ಹೊಸದಾಗಿ ಬರಬಹುದು. ಮೇಲಿನ ಬಿಪಿ 160 ಅಥವಾ ಕೆಳಗಿನದು 110 ಮುಟ್ಟಿದ್ರೆ ಅದು ಎಮರ್ಜೆನ್ಸಿ, ಜೊತೆಗೆ ಕಣ್ಣು ಮಂಜು, ಮೇಲ್ಹೊಟ್ಟೆ ನೋವು ಇದ್ರೆ ಫಿಟ್ಸ್ ಬರೋಕೆ ಮುಂಚೆ ಮೆಗ್ನೀಸಿಯಂ ಸಲ್ಫೇಟ್ ಶುರುವಾಗಬೇಕು.

ಮೂರನೇದು ನಮ್ಮ ದೇಶದಲ್ಲಿ ಮರೀಲೇಬಾರದ್ದು, ಮೆದುಳಿನಿಂದ ರಕ್ತ ವಾಪಸ್ ಒಯ್ಯೋ ರಕ್ತನಾಳದಲ್ಲಿ ಹೆಪ್ಪುಗಟ್ಟೋದು, ಡಾಕ್ಟರ್‌ಗಳು ಸಿವಿಟಿ ಅಂತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರಾಲಜಿಯವರು ಬಾಣಂತಿಯರಲ್ಲಿ ಈ ಕಾಯಿಲೆಯನ್ನ ದಶಕಗಳ ಹಿಂದೇನೇ ಅಧ್ಯಯನ ಮಾಡಿದ್ರು. ಹೆರಿಗೇಲಿ ರಕ್ತ ಹೆಚ್ಚು ಹೋಗಬಾರದು ಅಂತ ದೇಹವೇ ಗರ್ಭ ಇರೋವಾಗ ರಕ್ತವನ್ನ ಬೇಗ ಹೆಪ್ಪುಗಟ್ಟೋ ಥರ ಮಾಡ್ಕೊಂಡಿರುತ್ತೆ, ಹೆರಿಗೆ ಆದ ಮಾರನೇ ದಿನ ಆ ಸ್ವಿಚ್ ಆಫ್ ಆಗಲ್ಲ, ವಾರಗಟ್ಟಲೆ ಹಾಗೇ ಇರುತ್ತೆ. ಅದರ ಮೇಲೆ ರಕ್ತಹೀನತೆ (ಎನ್‌ಎಫ್‌ಎಚ್‌ಎಸ್-5 ಅನ್ನೋ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇಲಿ ದೇಶದ ಗರ್ಭಿಣಿಯರಲ್ಲಿ 52.2% ಜನಕ್ಕೆ ಇತ್ತು), ಅದರ ಮೇಲೆ ಸೋಂಕು, ಅದರ ಮೇಲೆ ಮೈಯಲ್ಲಿ ನೀರಿಲ್ಲ ಅಂದ್ರೆ ಅಪಾಯ ಇನ್ನೂ ಏರುತ್ತೆ. ತಲೆನೋವು ದಿನದಿಂದ ದಿನಕ್ಕೆ ಜಾಸ್ತಿ ಆಗೋದು, ವಾಂತಿ, ಒಂದು ಕಡೆ ಕೈ ಕಾಲು ಸೋಲೋದು, ಫಿಟ್ಸು, ಇವು ಇದರ ಲಕ್ಷಣ. ಬರೀ ಸಿಟಿ ಸ್ಕ್ಯಾನ್ ಕೆಲವೊಮ್ಮೆ ನಾರ್ಮಲ್ ಅಂತ ಬಂದುಬಿಡುತ್ತೆ, ರಕ್ತನಾಳ ತೋರಿಸೋ ಎಂಆರ್‌ಐ ಬೇಕಾಗುತ್ತೆ. ಹಾಗಾಗಿ ಬೆಡ್ ಪಕ್ಕದಲ್ಲಿ ಹುಟ್ಟೋ ಅನುಮಾನಕ್ಕೆ ಇಲ್ಲಿ ಇಷ್ಟು ಬೆಲೆ.

ಈಗ ಆ ಚೊಂಬಿನ ವಿಷಯಕ್ಕೆ ಬರೋಣ. ಬಾಣಂತಿಗೆ ನೀರು ಕೊಟ್ರೆ ಹೊಟ್ಟೆ ಬರುತ್ತೆ, ಹೊಲಿಗೆ ಕೀವಾಗುತ್ತೆ, ಹಾಲು ಕುಡಿಯೋ ಮಗೂಗೆ ಶೀತ ಆಗುತ್ತೆ, ಇದು ಎಷ್ಟೋ ಮನೆಗಳಲ್ಲಿ ಈಗ್ಲೂ ಇದೆ, ಡಿಗ್ರಿ ಓದಿದವರ ಮನೇಲೂ ಇದೆ. ಅತ್ತ ಹಾಲು ಪೂರ್ತಿ ಇಳಿದ ಮೇಲೆ ತಾಯಿ ದೇಹದಿಂದ ದಿನಕ್ಕೆ ಮುಕ್ಕಾಲು ಲೀಟರ್ ಹತ್ತಿರ ಅದಕ್ಕೇ ಹೋಗುತ್ತೆ, ಇತ್ತ ಶಾಲು ಸ್ವೆಟರ್ ಒಳಗೆ ಬೆವರು ಬೇರೆ. ನರ್ಸ್ "ನೀರು ಕುಡೀತಾ ಇದೀರಾ" ಅಂತ ಕೇಳಿದ್ರೆ "ಹ್ಞೂಂ" ಅಂತಾರೆ, ಆ ಉತ್ತರದಿಂದ ಏನೂ ಉಪಯೋಗ ಇಲ್ಲ. "ಬೆಳಿಗ್ಗೆಯಿಂದ ಈ ಚೊಂಬು ಎಷ್ಟು ಸಲ ತುಂಬಿಸಿದ್ರಿ ಅಜ್ಜಿ, ಇವಳು ಎಷ್ಟು ಸಲ ಮೂತ್ರಕ್ಕೆ ಹೋದ್ಲು, ಬಣ್ಣ ಹೇಗಿತ್ತು" ಅಂತ ಕೇಳಿದ್ರೆ ನಿಜ ಹೊರಗೆ ಬರುತ್ತೆ. ನಾಲ್ಕು ದಿನದಿಂದ ದಿನಕ್ಕೆ ಎರಡೇ ಲೋಟ ಅಂತ ಗೊತ್ತಾದ್ರೆ ಅದು ಬರೀ ಸಂಪ್ರದಾಯದ ವಿಷಯ ಆಗಿ ಉಳಿಯಲ್ಲ, ಸಿವಿಟಿ ಅನುಮಾನವನ್ನ ಮೇಲಕ್ಕೆ ತಳ್ಳೋ ಒಂದು ಕ್ಲಿನಿಕಲ್ ಅಂಶ ಆಗುತ್ತೆ.

ಹೆರಿಗೆ ಆದ್ಮೇಲೆ ಹೋಗೋ ರಕ್ತದ ವಿಷಯವೂ ಹೀಗೇ. "ಕೆಟ್ಟ ರಕ್ತ, ಹೋಗ್ಲಿ ಬುಡಿ" ಅನ್ನೋ ನಂಬಿಕೆ ಇರೋ ಕಡೆ ಬಟ್ಟೆ ಎಷ್ಟು ಸಲ ಬದಲಾಯ್ತು ಅಂತ ಯಾರೂ ತಾವಾಗೇ ಹೇಳಲ್ಲ. ಇಲ್ಲಿ ಮನೆಯವರನ್ನ ಮಾತ್ರ ದೂರೋ ಹಾಗಿಲ್ಲ, ನಮ್ಮ ಕಣ್ಣಂದಾಜೂ ಅಷ್ಟಕ್ಕಷ್ಟೇ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಹೆರಿಗೆ ಟೈಮಲ್ಲಿ ಕೆಳಗೆ ಹಾಸೋ, ಅಳತೆ ಗೆರೆ ಇರೋ ಒಂದು ಪ್ಲಾಸ್ಟಿಕ್ ಹಾಳೆ ಬಳಸಿ ನೋಡಿದ್ರು, ಕಣ್ಣಲ್ಲಿ ನೋಡಿ ಹೇಳಿದ ಅಂದಾಜು ಅಳತೆಗಿಂತ 33% ಕಮ್ಮಿ ಬಂತು. ಅದೇ ಬೆಳಗಾವಿ ಜಿಲ್ಲೇಲಿ 1,620 ತಾಯಂದಿರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳ್ಳಿ ದಾದಿಯರಾದ ಎಎನ್‌ಎಂಗಳು ಹೆರಿಗೆ ಆದ ಕೂಡ್ಲೇ ಗರ್ಭಕೋಶ ಬಿಗಿ ಮಾಡೋ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು ಅತಿರಕ್ತಸ್ರಾವವನ್ನ 12%ನಿಂದ 6.4%ಗೆ ಇಳಿಸಿದ್ರು, ಇದು ಡಾಕ್ಟರೇ ಇಲ್ಲದ ಜಾಗದಲ್ಲಿ ನರ್ಸ್‌ಗಳು ಮಾಡಿ ತೋರಿಸಿದ ಕೆಲಸ, ನಮ್ಮಲ್ಲಿ ಇದರ ಬಗ್ಗೆ ಯಾಕೋ ಮಾತೇ ಆಡಲ್ಲ. ರಕ್ತ ಹೆಚ್ಚು ಹೋಗ್ತಾ ಇದ್ರೆ ಮೊದಲು ಏರೋದು ನಾಡಿ, ಬಿಪಿ ಬೀಳೋದು ತಡವಾಗಿ, ಅದಕ್ಕೇ ನಾಡಿ ಸಂಖ್ಯೆಯನ್ನ ಮೇಲಿನ ಬಿಪಿಯಿಂದ ಭಾಗಿಸಿ 0.9 ಮುಟ್ಟಿದ್ಯಾ ಅಂತ ನೋಡೋದು, ಮುಟ್ಟಿದ್ರೆ ಅಪಾಯದ ಸೂಚನೆ. ಬಿಳಿಚಿಕೊಂಡಿರೋದನ್ನ ನಮ್ಮ ಕಂದು ಮೈಬಣ್ಣದಲ್ಲಿ ಮುಖ ನೋಡಿ ಹೇಳೋಕಾಗಲ್ಲ, ಕೆಳಗಿನ ರೆಪ್ಪೆ ಬಿಡಿಸಿ ನೋಡ್ಬೇಕು, ನಾಲಿಗೆ, ಅಂಗೈ ನೋಡ್ಬೇಕು.

ಕ್ರಿಸ್ಟೀನ್ ಟ್ಯಾನರ್ ಅನ್ನೋ ಅಮೆರಿಕದ ನರ್ಸಿಂಗ್ ಪ್ರೊಫೆಸರ್ 2006ರಲ್ಲಿ ನರ್ಸ್‌ಗಳು ಹೇಗೆ ಯೋಚನೆ ಮಾಡ್ತಾರೆ ಅನ್ನೋದನ್ನ ನಾಲ್ಕು ಹಂತ ಮಾಡಿ ಬರೆದ್ರು, ಗಮನಿಸೋದು, ಅರ್ಥ ಮಾಡ್ಕೊಳ್ಳೋದು, ಕೆಲಸಕ್ಕೆ ಇಳಿಯೋದು, ಮಾಡಿದ್ದನ್ನ ಮತ್ತೆ ತಿರುಗಿ ನೋಡೋದು. ಪರೀಕ್ಷೇಲಿ ಎಲ್ರೂ ಈ ನಾಲ್ಕನ್ನ ಬರೀತಾರೆ, ಆದ್ರೆ ಅವರ ಇನ್ನೊಂದು ಮಾತು ನನಗೆ ಮುಖ್ಯ ಅನ್ಸುತ್ತೆ, ಪೇಷೆಂಟ್ ಬಗ್ಗೆ ಸಿಗೋ ಅಂಕಿಅಂಶಕ್ಕಿಂತ ನರ್ಸ್ ತನ್ನ ಜೊತೆ ಏನು ಹೊತ್ಕೊಂಡು ಬಂದಿದಾಳೆ ಅನ್ನೋದೇ ತೀರ್ಮಾನದ ಮೇಲೆ ಹೆಚ್ಚು ಪ್ರಭಾವ ಬೀರುತ್ತೆ ಅಂತ. "ಈ ಹಳ್ಳಿಯವರು ಹಿಂಗೇ" ಅಂತ ತಲೇಲಿ ಇಟ್ಕೊಂಡು ಬಂದವಳಿಗೆ ತಲೆನೋವು ಕಾಣೋದೇ ಇಲ್ಲ, ಸ್ಕಾರ್ಫು ಮಾತ್ರ ಕಾಣುತ್ತೆ.

ಸಂಸ್ಕೃತಿ ಗೊತ್ತಿರೋದೇ ಕೆಲವೊಮ್ಮೆ ತೊಂದರೆ ಕೂಡ. ಮುಸ್ಲಿಂ ಹೆಂಗಸು ಅಂದ್ರೆ ಹೀಗೆ, ಲಂಬಾಣಿ ತಾಂಡಾದವರು ಅಂದ್ರೆ ಹಾಗೆ ಅಂತ ಪಟ್ಟಿ ಬಾಯಿಪಾಠ ಮಾಡ್ಕೊಂಡು ಬಂದ್ರೆ ಎದುರಿಗಿರೋ ಮನುಷ್ಯರನ್ನ ಕೇಳೋದೇ ಬಿಟ್ಟುಹೋಗುತ್ತೆ. ನ್ಯೂಜಿಲೆಂಡ್‌ನಲ್ಲಿ ಇರಿಹಪೇಟಿ ರಾಮ್ಸ್‌ಡೆನ್ ಅನ್ನೋ ಮಾವೋರಿ ನರ್ಸ್ ಇದನ್ನೇ ತಿರುಗಿಸಿ ಕೇಳಿದ್ರು, ಪೇಷೆಂಟ್ ಸಂಸ್ಕೃತಿ ಇರ್ಲಿ, ಮೊದಲು ನಿನ್ನದನ್ನ ನೋಡ್ಕೋ, ನಿನ್ನ ಹತ್ರ ಅಧಿಕಾರ ಇದೆ ಅನ್ನೋದನ್ನ ನೋಡ್ಕೋ, ಆರೈಕೆ ಸರಿಯಿತ್ತಾ ಅಂತ ಹೇಳಬೇಕಾದವರು ಅದನ್ನ ಪಡೆದವರು ಅಂತ. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಇದನ್ನ ನರ್ಸಿಂಗ್ ಶಿಕ್ಷಣಕ್ಕೆ ಸೇರಿಸ್ತು.

ಸರಿ, ಹಾಗಾದ್ರೆ ಬಾಣಂತಿ ಬೆಡ್ ಹತ್ರ ಮಾಡೋದೇನು. ಮೊದಲು ಅತ್ತೇನ "ಅಜ್ಜಿ, ಸ್ವಲ್ಪ ಬಿಸಿನೀರು ತಂದ್ಕೊಡ್ತೀರಾ" ಅಂತ ಹೊರಗೆ ಕಳ್ಸೋದು, ಎರಡು ನಿಮಿಷ ಸಾಕು, "ಏನಿಲ್ಲ ಸಿಸ್ಟರ್" ಅಂತಿದ್ದ ಹುಡುಗಿ "ನಿನ್ನೆಯಿಂದ ತಲೆ ಒಡೆಯೋ ಹಂಗಾಗ್ತಿದೆ, ಹೇಳಿದ್ರೆ ಅತ್ತೆ ಬೈತಾರೆ" ಅಂತಾಳೆ. ಆಮೇಲೆ ಅತ್ತೆ ವಾಪಸ್ ಬಂದ ಮೇಲೆ ಅವರನ್ನ ನಮ್ಮ ಕಡೆಗೆ ಎಳ್ಕೊಳ್ಳೋದು, ಯಾಕಂದ್ರೆ ಮನೆಗೆ ಹೋದ್ಮೇಲೆ ಚೊಂಬು ಅವರ ಕೈಯಲ್ಲೇ ಇರುತ್ತೆ.

ಇದಕ್ಕೆ ಮಡೆಲೀನ್ ಲೈನಿಂಗರ್ ಅನ್ನೋ ಅಮೆರಿಕದ ನರ್ಸಿಂಗ್ ಚಿಂತಕಿ ಹೇಳಿದ್ದು ತುಂಬಾ ಉಪಯೋಗಕ್ಕೆ ಬರುತ್ತೆ, ಇರೋ ಪದ್ಧತೀನ ಕೆಲವು ಉಳಿಸು, ಕೆಲವಕ್ಕೆ ಹೊಂದಿಸ್ಕೋ, ಕೆಲವನ್ನ ಬದಲಾಯಿಸು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಇರ್ಲಿ, ಯಾರಿಗೂ ನಷ್ಟ ಇಲ್ಲ, ತೀರಾ ಬಿಗಿ ಬೇಡ ಅಷ್ಟೆ. ನೀರಿನ ವಿಷಯದಲ್ಲಿ ಹೊಂದಿಸ್ಕೊಳ್ಳೋದು, ತಣ್ಣೀರು ಬೇಡ ಅಂದ್ರೆ ಬೇಡ, ಜೀರಿಗೆ ಹಾಕಿ ಕುದಿಸಿದ ನೀರು, ಬಿಸಿ ಬಿಸಿ ಮೆಣಸಿನ ಸಾರು, ಗಂಜಿ, ಹಾಲು, ಪ್ರತಿ ಸಲ ಮಗೂಗೆ ಹಾಲು ಕುಡಿಸೋಕೆ ಕೂತಾಗ ಒಂದು ಲೋಟ ಅಂತ ಹೇಳಿದ್ರೆ ಅಜ್ಜಿಯರು ಲೆಕ್ಕ ತಪ್ಪಲ್ಲ. ಹೆರಿಗೆ ಆದವಳಿಗೆ ವಿಶ್ರಾಂತಿ, ಕುದಿಸಿ ಆರಿಸಿದ ನೀರು, ಬೆಚ್ಚಗಿನ ಕೋಣೆ, ಮನೆಕೆಲಸ ಇಲ್ಲ, ಈ ಪದ್ಧತೀಲಿ ಇಂಥ ಒಳ್ಳೇದೂ ಎಷ್ಟೋ ಇದೆ, ಅದನ್ನ ಬಾಯಿಬಿಟ್ಟು ಹೇಳಿದ್ರೆ ಉಳಿದ ಮಾತು ಒಳಗೆ ಇಳಿಯುತ್ತೆ. ಬದಲಾಯಿಸಲೇಬೇಕಾದ್ದು ಮಗೂ ವಿಷಯದಲ್ಲಿ, ನಾಲಿಗೆಗೆ ಜೇನುತುಪ್ಪ ಬೇಡ (ವರ್ಷದೊಳಗಿನ ಮಗೂಗೆ ಬಾಟುಲಿಸಂ, ಅಂದ್ರೆ ಸ್ನಾಯು ಸೋಲಿಸೋ ವಿಷದ ಕಾಯಿಲೆ ಬರೋ ಅಪಾಯ), ಕಣ್ಣಿಗೆ ಕಾಡಿಗೆ ಬೇಡ, ಗಿಣ್ಣುಹಾಲು ಹಿಂಡಿ ಚೆಲ್ಲೋದು ಬೇಡ. ಇಲ್ಲಿ ರಾಜಿ ಇಲ್ಲ, ಆದ್ರೆ ದನಿ ಎತ್ತೋ ಅವಶ್ಯಕತೇನೂ ಇಲ್ಲ.

ಡಾಕ್ಟರ್‌ಗೆ ಫೋನ್ ಮಾಡಿದಾಗ ಏನು ಹೇಳ್ತೀವಿ ಅನ್ನೋದ್ರಲ್ಲಿ ಎಲ್ಲ ಗೊತ್ತಾಗುತ್ತೆ. "ಸರ್, ಬೆಡ್ ಏಳು, ತಲೆನೋವು, ಪ್ಯಾರಾಸಿಟಮಾಲ್ ಕೊಡ್ಲಾ" ಅಂದ್ರೆ "ಕೊಡಿ" ಅಂತ ಬರುತ್ತೆ. "ಸರ್, ಎಲ್‌ಎಸ್‌ಸಿಎಸ್ (ಅಂದ್ರೆ ಸಿಸೇರಿಯನ್) ನಾಲ್ಕನೇ ದಿನ, ನಿನ್ನೆಯಿಂದ ತಲೆನೋವು ಜಾಸ್ತಿ ಆಗ್ತಿದೆ, ಮಲಗಿದ್ರೂ ಕಮ್ಮಿ ಇಲ್ಲ, ಒಂದ್ಸಲ ವಾಂತಿ, ಬಿಪಿ 130/84, ನಾಡಿ 104, ಮನೆಯವರು ದಿನಕ್ಕೆ ಎರಡೇ ಲೋಟ ನೀರು ಕೊಟ್ಟಿದಾರೆ, ಹಿಮೋಗ್ಲೋಬಿನ್ 8.2, ಸ್ಪೈನಲ್ ತಲೆನೋವು ಥರ ಇಲ್ಲ, ಸಿವಿಟಿ ಅನುಮಾನ ಇದೆ, ಬಂದು ನೋಡ್ಬೇಕು" ಅಂದ್ರೆ ಅವರು ಎದ್ದು ಬರ್ತಾರೆ. ಆ ಎರಡು ಲೋಟದ ಮಾತು ವಾಕ್ಯದ ಮಧ್ಯೆ ಬಿಪಿ ಪಕ್ಕದಲ್ಲೇ ಕೂತಿದೆ ನೋಡಿ.

ನಾಲ್ಕನೇ ದಿನ ಸಿಸೇರಿಯನ್ ಆದವರು ಇನ್ನೂ ವಾರ್ಡಲ್ಲಿ ಇರ್ತಾರೆ, ನಾರ್ಮಲ್ ಹೆರಿಗೆ ಆದ್ರೆ 48 ಗಂಟೆ ಇಟ್ಕೊಂಡು ಕಳಿಸ್ತಾರೆ, ಸಿವಿಟಿ ಬರೋದೋ ಎರಡು ಮೂರನೇ ವಾರದಲ್ಲೂ ಇದೆ, ಅಷ್ಟೊತ್ತಿಗೆ ಅವಳು ತವರುಮನೇಲಿ ಕತ್ತಲೆ ಕೋಣೇಲಿ ಮಲಗಿರ್ತಾಳೆ. ಆ ಹೊಸ್ತಿಲು ದಾಟಿ ಒಳಗೆ ಹೋಗೋರು ಆಶಾ ಕಾರ್ಯಕರ್ತೆ, ಆಸ್ಪತ್ರೆ ಹೆರಿಗೆ ಆದ್ರೆ 3, 7, 14, 21, 28, 42ನೇ ದಿನಕ್ಕೆ ಅವರ ಭೇಟಿ ಇರುತ್ತೆ. ಮಗು ತೂಕ, ಹೊಕ್ಕುಳು ನೋಡೋದ್ರ ಜೊತೆಗೆ "ತಲೆನೋವು ಇದ್ಯಾ, ದಿನದಿಂದ ದಿನಕ್ಕೆ ಹೆಚ್ಚಾಗ್ತಿದ್ಯಾ, ನೀರು ಎಷ್ಟು ಲೋಟ" ಅಂತ ಅವರು ಕೇಳೋ ಹಾಗೆ ಡಿಸ್ಚಾರ್ಜ್ ದಿನಾನೇ ನರ್ಸ್ ಒಂದು ಫೋನ್ ಮಾಡಿದ್ರೆ ಎರಡು ನಿಮಿಷದ ಕೆಲಸ, ಹಾಗೇ ಅಜ್ಜಿ ಹತ್ರಾನೂ ಹೇಳಿ ಕಳಿಸ್ಬಹುದು, "ತಲೆನೋವು ಜೋರಾದ್ರೆ ಇನ್ನೊಂದು ಸುತ್ತು ಬಟ್ಟೆ ಕಟ್ಟಬೇಡಿ ಅಜ್ಜಿ, 108ಕ್ಕೆ ಫೋನ್ ಮಾಡ್ಸಿ."