ಬಾಡಿಗೆ ನಂಬಿ ಕಟ್ಟಿದ ಕಾರವಾರ

ಕಾರವಾರದಲ್ಲಿ ಬಾಡಿಗೆಗೆಂದೇ ಮನೆ ಕಟ್ಟಿಸುವ ರೂಢಿ ಬೆಳೆದದ್ದು ವರ್ಗವಾಗಿ ಬರುವವರನ್ನು ನೆಚ್ಚಿಕೊಂಡು. ಜಿಲ್ಲಾ ಕೇಂದ್ರವಾದ್ದರಿಂದ ಕಚೇರಿ ನೌಕರರಂತೂ ಮೊದಲಿನಿಂದಲೂ ಇದ್ದರು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದ ಮೇಲೆ ಆಸೆ ದೊಡ್ಡದಾಯಿತು. ನೆಲೆಗಾಗಿ ಅರಗಾ ಕಡೆಯ ಹಳ್ಳಿಗರು ನೆಲ ಬಿಟ್ಟು ಹೊರಟರು. ಅವರ ಪರಿಹಾರದ ಜಗಳ ದಶಕಗಟ್ಟಲೆ ಎಳೆಯಿತು. ನೆಲೆಯ ಕೆಲಸವೂ ಹಾಗೆಯೇ ಎಳೆದಾಡಿ, ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಬಂದದ್ದು 2005ರಲ್ಲಿ. ಅಷ್ಟರಲ್ಲಿ 1998ಕ್ಕೆ ಕೊಂಕಣ ರೈಲು ಪೂರ್ತಿ ಓಡತೊಡಗಿತ್ತು, 2000ದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಇಳಿದಿದ್ದವು.

ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡ ಯೋಜನೆ ಎಂದರೆ ದೊಡ್ಡ ಬಾಡಿಗೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಕಾಮಗಾರಿ ನಡೆಯುವಾಗ ಗುತ್ತಿಗೆದಾರರ ಎಂಜಿನಿಯರುಗಳು ಮನೆ ಹುಡುಕುತ್ತಾರೆ. ಕಾಮಗಾರಿ ಮುಗಿದರೆ ಅವರು ಗಂಟುಮೂಟೆ ಕಟ್ಟುತ್ತಾರೆ. ಕಾಯಂ ನೌಕರರಿಗೆ ಕೈಗಾ ಮಲ್ಲಾಪುರದಲ್ಲೇ ಟೌನ್‌ಶಿಪ್ ಕಟ್ಟಿಕೊಂಡಿತು, ನೌಕಾಪಡೆಯೂ ತನ್ನ ಕ್ವಾರ್ಟರ್ಸ್ ಕಟ್ಟಿಸುತ್ತ ಬಂತು. ಆಮೇಲೆ ಆರಂಭವಾದ ವೈದ್ಯಕೀಯ ಕಾಲೇಜಿನ ಗಿರಾಕಿಯೇ ಬೇರೆ: ಊರ ನಡುವೆ, ಕಾಲೇಜಿಗೆ ನಡೆದುಹೋಗುವಷ್ಟು ಹತ್ತಿರ ಕೋಣೆ ಬೇಕು.

ಇನ್ನು ಲೆಕ್ಕ. 40 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 10 ಸಾವಿರ ಬಂತೆನ್ನಿ, ವರ್ಷಕ್ಕೆ ಶೇ 3. ಉಪ್ಪುಗಾಳಿಗೆ ತುಕ್ಕು ಹಿಡಿಯುವ ಗ್ರಿಲ್, ಮಳೆಗೆ ಸೋರುವ ತಾರಸಿ ಅದರೊಳಗೇ ಕಳೆಯಬೇಕು. ಹಿಂದೆ ಬಾಡಿಗೆ ಮನೆಯ ಸಾಲದ ಬಡ್ಡಿಯಿಂದ ಆದ ನಷ್ಟವನ್ನೆಲ್ಲ ಸಂಬಳದ ಆದಾಯದಲ್ಲಿ ಕಳೆದು ತೆರಿಗೆ ಉಳಿಸಬಹುದಿತ್ತು. 2017ರ ಬಜೆಟ್ ಅದಕ್ಕೆ ವರ್ಷಕ್ಕೆ 2 ಲಕ್ಷದ ಮಿತಿ ಹಾಕಿತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ಸೌಲಭ್ಯವೇ ಇಲ್ಲ. ಆಮೇಲೆ ಬಡ್ಡಿಯ ಸರದಿ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರವಾದ ರೆಪೊ 2020ರ ಮೇನಲ್ಲಿ ಶೇ 4ಕ್ಕಿಳಿದಿತ್ತು, 2023ರ ಫೆಬ್ರುವರಿ ಹೊತ್ತಿಗೆ ಶೇ 6.5. ರೆಪೊಗೆ ಜೋಡಿಸಿದ ಸಾಲದ ಬಡ್ಡಿ ಬೇಗನೇ ಏರಿತು, ಅದರೊಂದಿಗೆ ಕಂತು ಇಲ್ಲವೇ ಸಾಲದ ಅವಧಿಯೂ. ಬಾಡಿಗೆ ಏರಿಸಲು ಮಾತ್ರ 11 ತಿಂಗಳ ಕರಾರು ಮುಗಿಯಬೇಕು, ಬಾಡಿಗೆದಾರನೂ ಒಪ್ಪಬೇಕು. 2025ರಲ್ಲಿ ದರ ಮತ್ತೆ ಇಳಿಯಿತು, ನಿಜ; ಆದರೂ ಶೇ 3ರ ಬಾಡಿಗೆಯಲ್ಲಿ ಕಂತು ತುಂಬಿಸುವುದು ಕನಸೇ.

ಘಟ್ಟದ ಮೇಲಿನ ಅಡಿಕೆ ದುಡ್ಡಿಗೆ ಈ ಕಂತಿನ ಕಾಟವಿಲ್ಲ. ಕೈಯಲ್ಲಿ ನಗದಿದ್ದವರು ಶಿರಸಿಯಲ್ಲಿ ಸೈಟು ಕೊಂಡು ಖಾಲಿಯೇ ಬಿಟ್ಟರೂ ನಡೆಯುತ್ತದೆ. ಸಾಲ ಮಾಡಿ ಕಾರವಾರದಲ್ಲಿ ಫ್ಲ್ಯಾಟ್ ಕೊಳ್ಳುವವರು ದರ ಚೌಕಾಸಿ ಮಾಡುವ ಮೊದಲು ಬಾಡಿಗೆದಾರ ಎಲ್ಲಿ ನೌಕರಿಯಲ್ಲಿದ್ದಾನೆ, ಅಲ್ಲಿ ಕ್ವಾರ್ಟರ್ಸ್ ಯಾವಾಗ ಸಿಗಲಿದೆ ಎಂದು ಕೇಳಿಕೊಳ್ಳಬೇಕು.